ಪ್ಯಾರಿಸ್‌ನ ಪ್ರಾಯಶ್ಚಿತ್ತದ ಚಾಪೆಲ್ ನೋಡೋದು ಹೇಗೆ

ಪ್ಯಾರಿಸ್‌ಗೆ ಹೋದೋರೆಲ್ಲ ಐಫೆಲ್ ಟವರ್ ಮುಂದೆ ಫೋಟೋ ಹೊಡ್ಕೊಂಡು, ಲೂವ್ರ್‌ನಲ್ಲಿ ಸುತ್ತಿ ಸುತ್ತಿ ಕಾಲು ನೋಯಿಸ್ಕೊಂಡು, ಕೊನೇ ದಿನ ಬುಲ್ವಾರ್ ಓಸ್ಮಾನ್‌ನಲ್ಲಿರೋ ದೊಡ್ಡ ದೊಡ್ಡ ಅಂಗಡಿಗಳಿಗೆ ನುಗ್ಗಿ ಸೆಂಟು ಚಾಕೊಲೇಟು ಕಟ್ಟಿಸ್ಕೊಂಡು ವಾಪಸ್ ಬರ್ತಾರೆ. ನಾನೂ ಹಂಗೇ ಬಂದೋನು, ಅದ್ರಲ್ಲೇನೂ ತಪ್ಪಿಲ್ಲ ಬಿಡಿ. ಆದ್ರೆ ಆ ಅಂಗಡಿ ಸಾಲಿಂದ ಸ್ವಲ್ಪ ಮುಂದೆ ನಡೆದ್ರೆ ಒಂದು ಪುಟ್ಟ ಪಾರ್ಕು, ಅದರ ಮಧ್ಯ ಕಿಟಕಿನೇ ಇಲ್ದಿರೋ ಒಂದು ಬಿಳಿಚಿಕೊಂಡ ಕಲ್ಲಿನ ಕಟ್ಟಡ ಇದೆ, ಹೆಸ್ರು ಶಾಪೆಲ್ ಎಕ್ಸ್‌ಪಿಯಾತ್ವಾರ್. ಕನ್ನಡದಲ್ಲಿ ಹೇಳೋದಾದ್ರೆ ಪ್ರಾಯಶ್ಚಿತ್ತದ ಚಾಪೆಲ್, ಚಾಪೆಲ್ ಅಂದ್ರೆ ಪುಟ್ಟ ಪ್ರಾರ್ಥನಾ ಮಂದಿರ. ಒಂದು ದೇಶ ತನ್ನ ರಾಜ ರಾಣಿ ಇಬ್ಬರ ತಲೆ ಕಡಿದು, ಆಮೇಲೆ ಸತ್ತ ರಾಜನ ತಮ್ಮ ಪಟ್ಟಕ್ಕೆ ಬಂದು, ಆ ಪಾಪ ಕಳೀಲಿ ಅಂತ ಕಟ್ಟಿಸಿದ ಚಾಪೆಲ್ ಇದು.

ಮೊದಲ ಸಲ ಹೋದಾಗ ನಾನು ಹತ್ತೇ ನಿಮಿಷದಲ್ಲಿ ಮುಗಿಸಿ ಆಚೆ ಬಂದ್ಬಿಟ್ಟೆ. ಇಲ್ಲೇನಿದೆ ಅಂತ ದುಡ್ಡು ಕೊಟ್ಟು ಒಳಗೆ ಬಿಡ್ತಾರೋ ಅಂತ ಬೈಕೊಂಡೂ ಬಂದೆ. ಯಾಕಂದ್ರೆ ನನ್ ತಲೇಲಿ ಚಾಪೆಲ್ ಅಂದ್ರೆ ಮಂಗಳೂರಿನ ಅಲೋಶಿಯಸ್ ಕಾಲೇಜಿನ ಚಾಪೆಲ್ಲು, ಗೋಡೆ ಚಾವಣಿ ಎಲ್ಲಾ ಕಡೆ ಇಟಲಿಯ ಮೊಸ್ಕೆನಿ ಬ್ರದರ್ ಬರೆದ ಚಿತ್ರ, ಬೆರಳಿಡೋಕೆ ಖಾಲಿ ಜಾಗ ಇಲ್ಲ. ಇಲ್ಲಿ ನೋಡಿದ್ರೆ ಬರೀ ಕಲ್ಲು. ಎರಡನೇ ಸಲ ಒಂದಿಷ್ಟು ಓದ್ಕೊಂಡು ಹೋದೆ, ಎರಡು ಗಂಟೆ ಸಾಲ್ಲಿಲ್ಲ. ಹಾಗಾಗಿ ನೀವು ನನ್ ತರ ಟಿಕೆಟ್ ದುಡ್ಡು ಎರಡು ಸಲ ಕೊಡೋದು ಬೇಡ, ಹೀಗೆ ನೋಡಿ.

ಹೋಗೋಕೆ ಮುಂಚೆ ಕಥೆ ಗೊತ್ತಿರ್ಬೇಕು, ಇಲ್ಲಾಂದ್ರೆ ಕಟ್ಟಡ ಬಾಯಿ ಬಿಡಲ್ಲ. ಈ ಜಾಗ ಹಿಂದೆ ಮಾದ್ಲೆನ್ ಅನ್ನೋ ಚರ್ಚಿನ ಸ್ಮಶಾನ ಆಗಿತ್ತು. 1770ರಲ್ಲಿ ಮುಂದೆ 16ನೇ ಲೂಯಿ ಅಂತ ರಾಜನಾದ ಯುವರಾಜ ಲೂಯಿಗೂ ಆಸ್ಟ್ರಿಯಾದಿಂದ ಬಂದ ಮರೀ ಆಂತ್ವಾನೆತ್‌ಗೂ ಮದುವೆ ಆಯ್ತಲ್ಲ, ಆ ಖುಷಿಗೆ ಊರಿನ ದೊಡ್ಡ ಚೌಕದಲ್ಲಿ ಬಾಣ ಬಿರುಸು ಬಿಟ್ರು, ನೂಕುನುಗ್ಗಲಾಗಿ ನೂರಕ್ಕೂ ಹೆಚ್ಚು ಜನ ತುಳಿತಕ್ಕೆ ಸಿಕ್ಕಿ ಸತ್ರು, ಅವರನ್ನ ತಂದು ಹೂತಿದ್ದು ಇಲ್ಲೇ. ಫ್ರೆಂಚ್ ಕ್ರಾಂತಿ ಆಯ್ತು, 1793ರಲ್ಲಿ ಅದೇ ಚೌಕದಲ್ಲಿ ತಲೆ ಕಡಿಯೋ ಯಂತ್ರ ಗಿಲೊಟಿನ್ ನಿಂತಿತ್ತು, ಆ ಮದುವೆಯ ಗಂಡು ಹೆಣ್ಣು ಇಬ್ಬರೂ ಅಲ್ಲೇ ತಲೆ ಕೊಟ್ಟು ಇದೇ ಮಣ್ಣಿಗೆ ಬಂದ್ರು, ಅವನು ಜನವರಿ 21ಕ್ಕೆ, ಅವಳು ಅಕ್ಟೋಬರ್ 16ಕ್ಕೆ. ಸುಣ್ಣ ಸುರಿದು ಮುಚ್ಚಿದ್ರು. ಇದೇ ಮಣ್ಣಲ್ಲಿ ಇನ್ನೂ ಯಾರ್ಯಾರಿದ್ರು ಅಂದ್ರೆ ಕ್ರಾಂತಿಯ ಮುಖಂಡ ಮರಾನ ಸ್ನಾನದ ತೊಟ್ಟಿಯಲ್ಲೇ ಇರಿದ ಶಾರ್ಲೊತ್ ಕೊರ್ದೇ, ಹೆಂಗಸರ ಹಕ್ಕಿನ ಬಗ್ಗೆ ಬರೆದು ತಲೆ ಕಳ್ಕೊಂಡ ಒಲಾಂಪ್ ದ ಗೂಜ್, ಕ್ರಾಂತಿಯ ರಾಜಕೀಯದಲ್ಲಿ ಹೆಸರು ಮಾಡಿದ್ದ ಮದಾಮ್ ರೊಲಾಂ, ಅಷ್ಟೇ ಅಲ್ಲ, ರಾಜನ ಸಾವಿಗೇ ಓಟು ಹಾಕಿದ ಅವನ ದಾಯಾದಿ ಫಿಲಿಪ್ ಕೂಡ. ರಾಜನ ಪರ, ವಿರೋಧ ಎಲ್ರೂ ಒಂದೇ ಮಣ್ಣು.

ಸ್ಮಶಾನದ ಪಕ್ಕದ ಮನೇಲಿ ದೆಕ್ಲೋಜೋ ಅಂತ ಒಬ್ಬ ವಕೀಲ್ರು ಇದ್ರು. ಅವ್ರು ರಾಜ ರಾಣಿನ ಹೂತ ಜಾಗ ಗುರುತು ಇಟ್ಕೊಂಡು, ಆಮೇಲೆ ಆ ಜಮೀನನ್ನೇ ಕೊಂಡ್ಕೊಂಡು, ಸುತ್ತ ಬೇಲಿ ಹಾಕಿ ಗಿಡ ನೆಟ್ಟು ಕಾದ್ರು. 1815ರ ಜನವರಿಯಲ್ಲಿ ಅಗೆದು ಅಸ್ಥಿ ತೆಗೆದು, ಸರಿಯಾಗಿ ಜನವರಿ 21ಕ್ಕೆ, ಅಂದ್ರೆ ರಾಜನ ತಿಥಿ ದಿನಾನೇ ಅನ್ನಿ, ಊರಾಚೆ ಸಾಂ ದೆನಿಯ ರಾಜಮನೆತನದ ಸಮಾಧಿಗೆ ಮೆರವಣಿಗೆಯಲ್ಲಿ ತಗೊಂಡು ಹೋದ್ರು. ಖಾಲಿ ಆದ ಗುಂಡಿ ಮೇಲೆ ಸತ್ತ ರಾಜನ ತಮ್ಮ 18ನೇ ಲೂಯಿ ಚಾಪೆಲ್ ಶುರು ಮಾಡಿಸ್ದ, 1816ರಿಂದ 1826ರವರೆಗೆ ಹತ್ತು ವರ್ಷದ ಕೆಲಸ, ಮುಗಿಯೋಷ್ಟರಲ್ಲಿ ಅವನೂ ಸತ್ತು ಇನ್ನೊಬ್ಬ ತಮ್ಮ 10ನೇ ಶಾರ್ಲ್ ಪಟ್ಟದಲ್ಲಿದ್ದ. ಅದಕ್ಕೇ ಹೇಳೋದು, ಒಳಗೆ ಹೋಗಿ ರಾಜನ ಸಮಾಧಿ ಎಲ್ಲಿ ಅಂತ ಹುಡುಕ್ಬೇಡಿ. ಸಮಾಧಿ ಇಲ್ಲಿಲ್ಲ, ಸಮಾಧಿ ಇದ್ದ ಜಾಗ ಇದೆ.

ಈಗ ನೋಡೋ ಕ್ರಮಕ್ಕೆ ಬರೋಣ. ನೇರವಾಗಿ ಚಾಪೆಲ್‌ಗೆ ಹೋಗ್ಬೇಡಿ, ಮೊದಲು ಮಾದ್ಲೆನ್ ಚರ್ಚಿಗೆ ಹೋಗಿ. ಅದೂ ನಿಯೋಕ್ಲಾಸಿಕಲ್ಲೇ, ಅಂದ್ರೆ ಹಳೇ ಗ್ರೀಸ್ ರೋಮ್ ಮಾದರೀದೇ, ಆದ್ರೆ ಜೋರು ಧ್ವನಿಯ ನಿಯೋಕ್ಲಾಸಿಕಲ್. ನೆಪೋಲಿಯನ್ ತನ್ನ ಸೈನ್ಯದ ಕೀರ್ತಿಗೆ ಅಂತ ಶುರು ಮಾಡ್ಸಿದ್ದು, ಚರ್ಚಾಗಿ ಮುಗಿದಿದ್ದು 1842ರಲ್ಲಿ, ಸುತ್ತಲೂ 52 ಕಂಬ, ಕಂಬದ ತಲೆ ಮೇಲೆಲ್ಲ ಎಲೆ ಬಿಚ್ಚಿಕೊಂಡ ಕೆತ್ತನೆ, ಅದಕ್ಕೆ ಕೊರಿಂಥಿಯನ್ ಅಂತಾರೆ. ಐದು ನಿಮಿಷ ಆ ಕಂಬದ ತಲೆ ನೋಡಿ ಮನಸ್ಸಲ್ಲಿ ಇಟ್ಕೊಳ್ಳಿ ಸಾಕು. ಆಮೇಲೆ ಪಾಸ್ಕಿಯೇ ಬೀದಿ ಹಿಡಿದು ಹತ್ತು ನಿಮಿಷ ನಡೀರಿ, ಚಾಪೆಲ್ ಸಿಗುತ್ತೆ. ಇಲ್ಲಿನ ಕಂಬ ನೋಡಿದ ತಕ್ಷಣ ವ್ಯತ್ಯಾಸ ತಲೆಗೆ ಹೊಡೆಯುತ್ತೆ. ನಾಲ್ಕೇ ಕಂಬ, ತಲೆ ಮೇಲೆ ಎಲೆ ಇಲ್ಲ ಬಳ್ಳಿ ಇಲ್ಲ, ಒಂದು ದುಂಡು ಅಂಚು ಅದರ ಮೇಲೊಂದು ಚೌಕದ ಹಲಗೆ, ಮುಗೀತು. ಡೋರಿಕ್ ಅಂದ್ರೆ ಇದು. ಗ್ರೀಕರ ಕಾಲದ ಕಂಬಗಳಲ್ಲಿ ಅತಿ ಹಳೇದು, ಅತಿ ಸರಳವಾದ್ದು. ಸಾವಿನ ಮನೆಗೆ ಬಂದೋರು ಒಡವೆ ಹಾಕ್ಕೊಂಡು ಬರಲ್ವಲ್ಲ, ಹಂಗೆ.

ನಿಯೋಕ್ಲಾಸಿಕಲ್ ಅಂದ್ರೆ ಏನು ಅಂತ ಪುಸ್ತಕದ ವ್ಯಾಖ್ಯೆ ಬೇಡ, ಗುರುತು ಹಿಡಿಯೋದು ಹೇಗೆ ಅಂತ ಗೊತ್ತಾದ್ರೆ ಸಾಕು. 18ನೇ ಶತಮಾನದಲ್ಲಿ ಇಟಲಿಯಲ್ಲಿ ಹರ್ಕ್ಯುಲೇನಿಯಂ, ಪೊಂಪೇ ಊರುಗಳನ್ನ ಜ್ವಾಲಾಮುಖಿ ಬೂದಿ ಕೆಳಗಿಂದ ಅಗೆದು ತೆಗೆದ್ರು, ಯುರೋಪಿನ ಶ್ರೀಮಂತರ ಹುಡುಗ್ರು ಕಲಾವಿದ್ರು ಎಲ್ಲ ಹೋಗಿ ನೋಡ್ಕೊಂಡು ಬಂದು, ನಮ್ಮ ಅರಮನೆಗಳ ಚಿನ್ನದ ಸುರುಳಿ, ಮೋಡದ ಮೇಲಿನ ಗುಂಡು ಗುಂಡು ದೇವದೂತ ಮಕ್ಕಳು ಎಲ್ಲ ಅತಿಯಾಯ್ತು, ಹಳೇ ರೋಮ್ ಗ್ರೀಸ್ ಎಷ್ಟು ನೀಟಾಗಿತ್ತು ಅಂತ ಅಂದ್ಕೊಂಡ್ರು. ಅಲ್ಲಿಂದ ಇದು ಶುರು. ಗುರುತು ಏನಪ್ಪಾ ಅಂದ್ರೆ ಎಡಕ್ಕೂ ಬಲಕ್ಕೂ ಅಳತೆ ತಪ್ಪಲ್ಲ, ಕಂಬದ ಮೇಲೆ ತ್ರಿಕೋನದ ಹಣೆ ಇರುತ್ತೆ, ಗೋಡೆ ಉದ್ದಕ್ಕೂ ಬೋಳು, ಕೆತ್ತನೆ ಇದ್ರೂ ಒಂದು ಚೌಕಟ್ಟಿನ ಒಳಗೆ ಕೈಕಟ್ಟಿ ಕೂತಿರುತ್ತೆ, ಹೊರಗೆ ಉಕ್ಕಲ್ಲ. ಈ ಬೋಳು ಗೋಡೆನ ನಾನು ಮೊದಲ ಸಲ ದುಡ್ಡು ಸಾಲ್ದೆ ಬಿಟ್ಟಿದ್ದು ಅಂದ್ಕೊಂಡಿದ್ದೆ. ಅದು ಬಿಟ್ಟಿದ್ದಲ್ಲ, ಇಟ್ಟಿದ್ದು.

ಕಟ್ಟಿದ್ದು ಪಿಯರ್ ಫೋಂತೇನ್, ಜೊತೆಗೆ ಇಪೊಲಿತ್ ಲೆಬಾ. ಈ ಫೋಂತೇನ್ ಯಾರು ಗೊತ್ತಾ, ನೆಪೋಲಿಯನ್‌ನ ಖಾಸಾ ಆರ್ಕಿಟೆಕ್ಟು. ಲೂವ್ರ್ ಮುಂದೆ ಇರೋ ಕಾರುಸೆಲ್ ಕಮಾನು ಇವನೂ ಇವನ ಜೊತೆಗಾರ ಪೆರ್ಸಿಯೇನೂ ಸೇರಿ ಮಾಡಿದ್ದು. ಚಕ್ರವರ್ತಿ ಹೋದ, ರಾಜ ಬಂದ, ಫೋಂತೇನ್ ಮಾತ್ರ ಅಲ್ಲೇ ಇದ್ದ. ಸರ್ಕಾರ ಯಾವುದಾದ್ರೇನು, ಪಿಡಬ್ಲ್ಯುಡಿ ಇಂಜಿನಿಯರು ಬದಲಾಗಲ್ಲ ಅನ್ನೋದು ಅಲ್ಲೂ ಹಂಗೇ ಇತ್ತು ಅನ್ಸುತ್ತೆ.

ಪಾಸ್ಕಿಯೇ ಬೀದಿ ಕಡೆ ಬಾಗಿಲು. ಇಲ್ಲಿ ಆತುರ ಪಡ್ಬೇಡಿ, ಯಾಕಂದ್ರೆ ಈ ಕಟ್ಟಡದ ಅರ್ಧ ಮಜಾ ನಡಿಗೆಯಲ್ಲಿದೆ. ನಮ್ಮ ಕಡೆ ದೇವಸ್ಥಾನಕ್ಕೆ ಹೋದ್ರೆ ಮಹಾದ್ವಾರ, ಪ್ರಾಕಾರ, ಮುಖಮಂಟಪ, ನವರಂಗ, ಆಮೇಲೆ ಗರ್ಭಗುಡಿ ಅಂತ ಒಂದೊಂದೇ ದಾಟ್ತೀವಲ್ಲ, ಕಣ್ಣು ಕತ್ತಲೆಗೆ ಹೊಂದ್ಕೊಳ್ತಾ ಹೋಗುತ್ತಲ್ಲ, ಫೋಂತೇನ್ ಕೂಡ ಹಂಗೇ ಹಂತ ಹಂತವಾಗಿ ಕರ್ಕೊಂಡು ಹೋಗ್ತಾನೆ. ಮೊದಲು ಗೋರಿ ತರ ಕಾಣೋ ಗಿಡ್ಡ ಬಾಗಿಲು ಮಂಟಪ. ಒಳಗೆ ಮಬ್ಬು, ಮೆಟ್ಟಿಲು. ಮೆಟ್ಟಿಲು ಹತ್ತಿದ್ರೆ ಇದ್ದಕ್ಕಿದ್ದಂಗೆ ಆಕಾಶ. ಬೀದಿಗಿಂತ ಎತ್ತರದಲ್ಲಿರೋ ಒಂದು ಅಂಗಳದಲ್ಲಿ ನಿಂತಿರ್ತೀರ, ಎದುರಿಗೆ ದೂರದಲ್ಲಿ ಚಾಪೆಲ್.

ಅಂಗಳ ಯಾಕೆ ಎತ್ತರ ಅಂತ ಕೇಳ್ಕೊಳ್ಳಿ, ಅದು ಈ ಜಾಗದ ಮುಖ್ಯ ವಿಷ್ಯ. ಅಗೆದ ಸ್ಮಶಾನದ ಮಣ್ಣಲ್ಲಿ ಮೂಳೆ ಸೇರ್ಕೊಂಡಿತ್ತು, ಅದನ್ನ ಲಾರಿ ಲೋಡ್ ತರ ಆಚೆ ಸಾಗಿಸದೆ ಇದೇ ಆವರಣದೊಳಗೆ ಉಳಿಸ್ಕೊಂಡ್ರು. ಅಂದ್ರೆ ನೀವು ನಿಂತಿರೋ ಹುಲ್ಲಿನ ಕೆಳಗೆ ಇರೋದು ಅದೇ ಮಣ್ಣು. ನಮ್ಮೋರಿಗೆ ಚಪ್ಪಲಿ ಬಿಡ್ಬೇಕು ಅನ್ಸುತ್ತೆ, ಅಲ್ಲಿ ಯಾರೂ ಬಿಡಲ್ಲ.

ಎರಡೂ ಪಕ್ಕ ಸಾಲಾಗಿ ಕಲ್ಲಿನ ಗೋರಿ ತರದ ಗುರುತುಗಳಿವೆ, ಹಿಂದೆ ಕಮಾನಿನ ಪಡಸಾಲೆ. ಇವು ಸ್ವಿಸ್ ಗಾರ್ಡುಗಳ ನೆನಪಿಗೆ. 1792ರ ಆಗಸ್ಟ್ 10ಕ್ಕೆ ಜನ ತ್ವಿಲರೀ ಅರಮನೆಗೆ ನುಗ್ಗಿದಾಗ ರಾಜನ ಕಾವಲಿಗೆ ನಿಂತು ಸತ್ತ ಬಾಡಿಗೆ ಸೈನಿಕರು ಅವ್ರು. ಇಲ್ಲಿ ನಿಂತಾಗ ನಮ್ಮ ಮೈಸೂರಿನ ಒಂದು ವಿಷ್ಯ ನೆನಪಿಸ್ಕೊಳ್ಳಿ. ಅದಕ್ಕೆ ಸರಿಯಾಗಿ ನಾಲ್ಕು ವರ್ಷ ಹಿಂದೆ, 1788ರ ಆಗಸ್ಟ್ 10ಕ್ಕೇ, ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು ವರ್ಸಾಯ್ ಅರಮನೇಲಿ ಇದೇ 16ನೇ ಲೂಯಿಯ ದರ್ಬಾರಿನಲ್ಲಿ ನಿಂತಿದ್ರು. ಇಂಗ್ಲಿಷರ ಮೇಲೆ ಯುದ್ಧಕ್ಕೆ ಸೈನ್ಯ ಕೊಡಿ ಅಂತ ಕೇಳೋಕೆ ಹೋಗಿದ್ದು. ಪ್ಯಾರಿಸ್ ಜನ ಅವ್ರ ಬಟ್ಟೆ ಬರೆ ನೋಡಿ ಹುಚ್ಚಾಗಿದ್ರು, ರಾಣಿಯ ಚಿತ್ರ ಬರೀತಿದ್ದ ವಿಜೇ ಲ ಬ್ರೂ ಅವರಲ್ಲಿ ಒಬ್ಬರಾದ ದರ್ವೇಶ್ ಖಾನರ ಚಿತ್ರಾನೂ ಬರೆದ್ಲು. ಸೈನ್ಯ ಸಿಗ್ಲಿಲ್ಲ, ಸೇವ್ರ್ ಪಿಂಗಾಣಿ ಸಾಮಾನು ಉಡುಗೊರೆ ಸಿಕ್ತು. ಕೊಡೋಕೆ ಆ ರಾಜನ ಬೊಕ್ಕಸದಲ್ಲಿ ಏನೂ ಉಳಿದಿರ್ಲಿಲ್ಲ ಪಾಪ. ನಾನು ಆ ಗೋರಿ ಸಾಲಿನ ಪಕ್ಕ ನಡೀವಾಗ ತಲೇಲಿ ಓಡ್ತಿದ್ದದ್ದು ಇದೇ, ಗೈಡ್ ಬುಕ್ಕಲ್ಲಿ ಯಾಕೆ ಬರೆದಿಲ್ಲ ಅಂತ ಬೇಜಾರೂ ಆಯ್ತು.

ಆಮೇಲೆ ಚಾಪೆಲ್ ಒಳಗೆ. ಮಧ್ಯಾಹ್ನದ ಹೊತ್ತಿಗೆ ಒಳಗಿರೋ ಹಾಗೆ ನೋಡ್ಕೊಳ್ಳಿ, ಯಾಕಂದ್ರೆ ಇಲ್ಲಿ ಗೋಡೆಗೆ ಕಿಟಕಿ ಇಲ್ಲ, ಬಣ್ಣದ ಗಾಜಿಲ್ಲ, ಬೆಳಕು ಬರೋದು ಮೇಲಿಂದ, ಗುಮ್ಮಟದ ನೆತ್ತಿಯಲ್ಲಿರೋ ದುಂಡು ಕಿಂಡಿಯಿಂದ. ರೋಮಿನ ಹಳೇ ದೇವಸ್ಥಾನ ಪಾಂಥಿಯಾನ್ ನೋಡಿದೋರಿಗೆ ತಟ್ಟನೆ ಗೊತ್ತಾಗುತ್ತೆ, ಐಡಿಯಾ ಅಲ್ಲಿಂದಲೇ. ಸೀದಾ ಮಧ್ಯಕ್ಕೆ ಹೋಗಿ ನಿಂತು, ಬೇಲೂರಲ್ಲಿ ಭುವನೇಶ್ವರಿ ನೋಡೋಕೆ ಕತ್ತೆತ್ತಿದ ಹಾಗೆ ಕತ್ತೆತ್ತಿ. ಗುಮ್ಮಟದ ಒಳಮೈ ಪೂರ್ತಿ ಚೌಕ ಚೌಕ ಗುಳಿಗಳು, ಸಾಲು ಸಾಲಾಗಿ, ಮೇಲೆ ಹೋಗ್ತಾ ಚಿಕ್ಕದಾಗ್ತಾ ಹೋಗುತ್ತೆ. ಪಾಂಥಿಯಾನ್‌ನಲ್ಲಿ ರೋಮನ್ನರು ಮಾಡಿದ ಉಪಾಯ ಇದು, ಗುಳಿ ತೋಡಿದಷ್ಟು ಭಾರ ಕಮ್ಮಿ, ನೋಡೋರ ಕಣ್ಣಿಗೆ ಎತ್ತರವೂ ಜಾಸ್ತಿ ಕಾಣುತ್ತೆ. ಒಳಗೆ ಜಾಗ ನಿಜವಾಗ್ಲೂ ಸಣ್ಣದು, ಮೇಲೆ ನೋಡ್ತಾ ನಿಂತ್ರೆ ಸಣ್ಣದು ಅನ್ಸೋದೇ ಇಲ್ಲ.

ಕತ್ತು ಇಳಿಸಿ ಸುತ್ತ ನೋಡಿದ್ರೆ ನೆಲದ ನಕ್ಷೆ ಅರ್ಥ ಆಗುತ್ತೆ. ನಾಲ್ಕೂ ಕೈ ಸಮ ಇರೋ ಶಿಲುಬೆ, ಗ್ರೀಕ್ ಕ್ರಾಸ್ ಅಂತಾರೆ. ಒಂದು ಕೈಯಲ್ಲಿ ನೀವು ಬಂದ ಬಾಗಿಲು, ಉಳಿದ ಮೂರೂ ಕೈಗೆ ಅರ್ಧ ಗುಮ್ಮಟದ ಗೂಡು. ಎದುರಿನ ಗೂಡಲ್ಲಿ ಪೂಜಾಪೀಠ, ಅಕ್ಕಪಕ್ಕದ ಗೂಡಲ್ಲಿ ರಾಜ, ರಾಣಿ. ಗುಮ್ಮಟ ಕೂತಿರೋ ನಾಲ್ಕು ಮೂಲೆಯ ತ್ರಿಕೋನಗಳಲ್ಲಿ ಉಬ್ಬು ಕೆತ್ತನೆ ಇದೆ, ಬಾಗಿಲ ಮೇಲ್ಗಡೆ 1815ರಲ್ಲಿ ಅಸ್ಥಿ ಸಾಗಿಸಿದ ಮೆರವಣಿಗೆಯ ಕೆತ್ತನೆ ಇದೆ, ಎರಡೂ ಜೆರಾರ್ ಅನ್ನೋ ಶಿಲ್ಪಿಯದು. ಒಳಗೆ ಬಂದೋರು ಯಾರೂ ತಿರುಗಿ ಬಾಗಿಲ ಮೇಲೆ ನೋಡಲ್ಲ, ನೀವು ನೋಡಿ.

ಈಗ ಶಿಲ್ಪಗಳು, ಇಲ್ಲಿ ನಿಧಾನಿಸಿ. ರಾಜನದು ಬೋಸಿಯೋ ಮಾಡಿದ್ದು. ಪಟ್ಟಾಭಿಷೇಕದ ದೊಡ್ಡ ನಿಲುವಂಗಿ ಹೊದ್ದು ಮಂಡಿಯೂರಿದಾನೆ, ಪಕ್ಕದಲ್ಲಿ ದೇವದೂತ ಮೇಲಕ್ಕೆ ಕೈ ತೋರಿಸ್ತಿದಾನೆ. ಕಲ್ಲಿನ ಕೆಲಸ ಅದ್ಭುತ, ನಿಲುವಂಗಿಯ ಮಡಿಕೆ ನೋಡಿದ್ರೆ ಮುಟ್ಟಿದ್ರೆ ಮೆತ್ತಗಿರ್ಬೇಕು ಅನ್ಸುತ್ತೆ. ಆದ್ರೆ ನನ್ನ ಕೇಳಿದ್ರೆ ಸ್ವಲ್ಪ ಕಂಪನಿ ನಾಟಕದ ಕೊನೇ ಸೀನು, ಪರದೆ ಬೀಳೋದೊಂದು ಬಾಕಿ. ಅದರ ಕೆಳಗೆ ಕೆತ್ತಿರೋ ಬರಹ ಶಿಲ್ಪಕ್ಕಿಂತ ಜೋರಾಗಿ ತಟ್ಟುತ್ತೆ. ಅದು 1792ರ ಕ್ರಿಸ್‌ಮಸ್ ದಿನ ರಾಜ ಜೈಲಲ್ಲಿ ಕೂತು ಬರೆದ ಉಯಿಲು. ಅದ್ರಲ್ಲಿ ಮಗನಿಗೆ ಬುದ್ಧಿ ಹೇಳ್ತಾ, ರಾಜನಾಗೋ ದುರದೃಷ್ಟ ನಿನಗೇನಾದ್ರೂ ಬಂದ್ರೆ ಅಂತ ಶುರು ಮಾಡ್ತಾನೆ. ದುರದೃಷ್ಟ ಅಂತಾನೇ ಬರೆದಿದಾನೆ ನೋಡಿ.

ರಾಣಿಯದು ಕೊರ್ತೋ ಅನ್ನೋನ ಕೆಲಸ. ಅವಳೂ ಮಂಡಿಯೂರಿದಾಳೆ, ಎದುರಿಗೆ ಶಿಲುಬೆ ಹಿಡಿದ ಒಬ್ಬ ಹೆಂಗಸು ನಿಂತು ಆಸರೆ ಕೊಡ್ತಿದಾಳೆ. ಬೋರ್ಡಲ್ಲಿ ಇದು ಧರ್ಮದ ಮೂರ್ತರೂಪ ಅಂತಿರುತ್ತೆ, ಜನ ಓದ್ಕೊಂಡು ಮುಂದೆ ಹೋಗ್ತಾರೆ. ನೀವು ಆ ಹೆಂಗಸಿನ ಮುಖ ನೋಡಿ. ಅದು ರಾಜನ ತಂಗಿ ಎಲಿಜಬೆತ್‌ಳ ಮುಖ, ರಾಣಿಗೆ ನಾದಿನಿ. ಇನ್ನು ಕೆಳಗೆ ಏನು ಕೆತ್ತಿದಾರೆ ಅಂದ್ರೆ, ಸಾಯೋ ದಿನ ಬೆಳಗಿನ ಜಾವ ನಾಲ್ಕೂವರೆಗೆ ರಾಣಿ ಬರೆದ ಕೊನೇ ಕಾಗದ, ಅದು ಬರೆದಿದ್ದು ಈ ನಾದಿನಿಗೇ. ನನಗೆ ಶಿಕ್ಷೆ ಆಗಿದೆ, ಅದು ನಾಚಿಕೆಗೇಡಿನ ಸಾವಲ್ಲ, ನಿನ್ನಣ್ಣನ ಹತ್ರ ಹೋಗೋದಕ್ಕೆ ಅನ್ನೋ ಅರ್ಥದಲ್ಲಿ ಶುರು ಮಾಡಿ, ಮಕ್ಕಳನ್ನ ನೋಡ್ಕೋ ಅಂತ ಬೇಡ್ಕೊಂಡಿದಾಳೆ. ಆ ಕಾಗದ ನಾದಿನಿ ಕೈಗೆ ತಲುಪ್ಲೇ ಇಲ್ಲ. 1794ರ ಮೇನಲ್ಲಿ ಅವಳ ತಲೇನೂ ಹೋಯ್ತು. ಕಾಗದ ಸಿಕ್ಕಿದ್ದು 1816ರಲ್ಲಿ, ಯಾವನೋ ಹಳೇ ಕ್ರಾಂತಿಕಾರಿಯ ಮನೆಯ ಕಾಗದಪತ್ರದ ಮಧ್ಯ. ಹಾಗಾಗಿ ಈ ಕಾಗದದ ಅನುವಾದ ಮೊಬೈಲಲ್ಲಿ ಮೊದಲೇ ಇಳಿಸ್ಕೊಂಡು ಹೋಗಿ, ಈ ಶಿಲ್ಪದ ಮುಂದೆ ನಿಂತು ಓದಿ. ಕಲೆಯ ದೃಷ್ಟಿಯಿಂದ ಬೋಸಿಯೋ ಮೇಲೋ ಕೊರ್ತೋ ಮೇಲೋ ಅಂತ ವಾದ ಮಾಡೋರು ಮಾಡ್ಲಿ, ನಾನು ಕೊರ್ತೋ ಕಡೆ.

ಇಲ್ಲಿಗೆ ಮುಗೀತು ಅಂತ ಆಚೆ ಹೋಗ್ಬೇಡಿ, ನಾನು ಮೊದಲ ಸಲ ಅದೇ ತಪ್ಪು ಮಾಡಿದ್ದು. ಕೆಳಗೆ ಹೋಗೋಕೆ ಮೆಟ್ಟಿಲಿದೆ. ಕೆಳಗಿನ ನೆಲಮಾಳಿಗೆಯಲ್ಲಿ ಕಪ್ಪು ಬಿಳಿ ಅಮೃತಶಿಲೆಯ ಒಂದು ಪೀಠ, ರಾಜನ ಅಸ್ಥಿ ಸಿಕ್ಕಿದ ಜಾಗ ಸರಿಯಾಗಿ ಅದೇ. ಮೇಲಿನ ಗುಮ್ಮಟ, ಅಂಗಳ, ನಾಲ್ಕು ಕಂಬ ಇಷ್ಟೆಲ್ಲಾ ಕಟ್ಟಿದ್ದು ಈ ಒಂದು ಗುಂಡಿ ಸುತ್ತ. ತಣ್ಣಗಿರುತ್ತೆ, ಮೈ ಜುಮ್ಮನ್ನುತ್ತೆ. ಕೆಲವು ವರ್ಷದ ಹಿಂದೆ ಈ ಗೋಡೆಯ ಕಲ್ಲುಗಳ ಸಂದಿಯಿಂದ ಪುಟ್ಟ ಕ್ಯಾಮೆರಾ ತೂರಿಸಿ ನೋಡಿದ್ರು, ಹಿಂದೆ ಮೂಳೆ ತುಂಬಿದ ಪೆಟ್ಟಿಗೆ ಕಾಣಿಸ್ತು, 2020ರಲ್ಲಿ ಅದು ದೊಡ್ಡ ಸುದ್ದಿ ಆಯ್ತು. ಇನ್ನೂರು ವರ್ಷ ಪ್ರವಾಸಿಗಳು ಆ ಗೋಡೆಗೆ ಒರಗಿ ನಿಂತು ಕೈಪಿಡಿ ಓದಿದಾರೆ.

ಇದು ಉಳ್ಕೊಂಡಿದ್ದೇ ಒಂದು ಪವಾಡ ಅನ್ನಿ. 1871ರ ಮೇನಲ್ಲಿ, ಎರಡೇ ತಿಂಗಳು ಊರು ಆಳಿದ ಕ್ರಾಂತಿಕಾರಿ ಸರ್ಕಾರ ಪ್ಯಾರಿಸ್ ಕಮ್ಯೂನ್‌ನೋರು ಒಡೆದು ಹಾಕಿ ಅಂತ ಆದೇಶಾನೇ ಹೊರಡಿಸಿದ್ರು, ಅಷ್ಟರಲ್ಲಿ ಕಮ್ಯೂನೇ ಬಿದ್ದು ಹೋಯ್ತು. ಆಮೇಲೂ ಕೆಡವಬೇಕು ಅನ್ನೋರು ಸುಮ್ಮನಾಗ್ಲಿಲ್ಲ, 1914ರಲ್ಲಿ ಸಂರಕ್ಷಿತ ಸ್ಮಾರಕ ಆದ್ಮೇಲೆ ನೆಮ್ಮದಿಯ ಉಸಿರು ಬಿಟ್ಟಿತು. ಈಗ್ಲೂ ಜನವರಿ 21ರ ಆಸುಪಾಸು ರಾಜನ ಹೆಸರಲ್ಲಿ ಪೂಜೆ ನಡೆಯುತ್ತೆ, ರಾಜಮನೆತನದ ಅಭಿಮಾನಿಗಳು ಕೋಟು ಹಾಕ್ಕೊಂಡು ಬರ್ತಾರೆ.

ಹೋಗೋ ವಿಚಾರ: ವಾರದಲ್ಲಿ ಎಲ್ಲಾ ದಿನ ತೆಗೆದಿರಲ್ಲ, ಅಲ್ಲಿನ ವೆಬ್‌ಸೈಟಲ್ಲಿ ನೋಡ್ಕೊಂಡೇ ಹೊರಡಿ. ನಾನು ಮಧ್ಯೆ ಒಂದ್ಸಲ ನೋಡ್ದೇ ಹೋಗಿ, ಮುಚ್ಚಿದ ಬಾಗಿಲ ಮುಂದೆ ನಿಂತು, ಜೊತೆಗೆ ಕರ್ಕೊಂಡು ಹೋಗಿದ್ದ ಅತ್ತಿಗೆ ಹತ್ರ ಮಂಗಳಾರತಿ ಮಾಡಿಸ್ಕೊಂಡೆ. ಮೆಟ್ರೋದಲ್ಲಾದ್ರೆ 9ನೇ ಲೈನಿನ ಸಾಂತೊಗುಸ್ತಾಂ ಸ್ಟೇಷನ್ನು ಹತ್ರ. ಆಫೀಸು ಜನ ಊಟದ ಹೊತ್ತಿಗೆ ಸುತ್ತಲಿನ ಪಾರ್ಕಲ್ಲಿ ಬೆಂಚು ತುಂಬ್ಕೊಂಡು ಸ್ಯಾಂಡ್‌ವಿಚ್ ತಿಂತಿರ್ತಾರೆ, ನೀವೂ ಒಂದು ಕಟ್ಟಿಸ್ಕೊಂಡು ಹೋದ್ರೆ ಹಿಂದಿನಿಂದ ಆ ಅರ್ಧ ಗುಮ್ಮಟಗಳ ಬೆನ್ನು ನೋಡ್ತಾ ಕೂರ್ಬಹುದು, ಒಳಗೆ ಕಂಡ ಶಿಲುಬೆ ನಕ್ಷೆ ಹೊರಗಿಂದ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ.

ಅರ್ಧ ದಿನ ಉಳಿದಿದ್ರೆ 13ನೇ ಲೈನ್ ಹಿಡಿದು ಸಾಂ ದೆನಿ ಬಸಿಲಿಕಾಗೂ ಹೋಗಿ ಬನ್ನಿ, ಅಸ್ಥಿ ಈಗಿರೋದು ಅಲ್ಲಿ. ಅಲ್ಲೂ ರಾಜ ರಾಣಿ ಮಂಡಿಯೂರಿ ಪ್ರಾರ್ಥನೆ ಮಾಡ್ತಿರೋ ಅಮೃತಶಿಲೆ ಮೂರ್ತಿಗಳಿವೆ, ಅಕ್ಕಪಕ್ಕ, ಬಹಳ ಚೆನ್ನಾಗಿವೆ. ನಾದಿನಿ ಮಾತ್ರ ಅಲ್ಲಿಲ್ಲ.